ಕಿರುಚುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ

ನನ್ನ ಇಂಗ್ಲಿಷಿನ ಬಗ್ಗೆ ಬಂದ ಆ ಪತ್ರವನ್ನು ಒಂಬತ್ತು ವರ್ಷ ಬೀರುವಿನಲ್ಲಿ, ಸೀರೆಗಳ ಕೆಳಗೆ ಇಟ್ಟುಕೊಂಡಿದ್ದೆ. ಮರೆಯಬಾರದೆಂದೇ ಇಟ್ಟದ್ದು.

ಆಗ ನಾನು ಜೊಯಿಡಾದ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಮನೆ ದಾಂಡೇಲಿಯಲ್ಲಿ. ಅಪ್ಪ ಕಟ್ಟಿಗೆ ಕೊಯ್ಯುವ ಮಿಲ್ಲಿನಲ್ಲಿ ವರ್ಷಗಟ್ಟಲೆ ಗರಗಸದ ಪಕ್ಕ ನಿಂತು ಕಿವಿ ಕಳೆದುಕೊಂಡಿದ್ದ. ಅಂಥವರ ಮನೆಯಲ್ಲಿ ಮಾತು ಹೇಗೆ ನಡೆಯುತ್ತದೆ ಎಂಬುದರ ಬಗ್ಗೆ ಬರೆದು, ವಿದೇಶದ ಸಮ್ಮೇಳನಕ್ಕೆ ಹೋಗಲು ಸ್ಕಾಲರ್‌ಶಿಪ್ ಕೇಳಿದ್ದೆ. ಕೊಡುವ ಸಂಸ್ಥೆಯವರು ಫೋನಿನಲ್ಲಿ ಇಂಗ್ಲಿಷ್ ಪರೀಕ್ಷೆ ಮಾಡುತ್ತಿದ್ದರು.

ಫೋನು ಬಂದಾಗ ಅಪ್ಪನಿಗೆ ಯಾವ ಗುಳಿಗೆ ಯಾವಾಗ ಎಂದು ಹೇಳುತ್ತಿದ್ದೆ. ನಮ್ಮಲ್ಲಿ ಹೇಳುವುದೆಂದರೆ ಜೋರಾಗಿ, ಮೂರೇ ಶಬ್ದದಲ್ಲಿ, ಎರಡೆರಡು ಸಲ. ಅಪ್ಪನ ಜೊತೆ ಅರ್ಧ ಗಂಟೆ ಮಾತಾಡಿದವರಿಗೆ ಆಮೇಲೂ ಬಹಳ ಹೊತ್ತು ದನಿ ಇಳಿಯುವುದಿಲ್ಲ. ಮನೆಗೆ ಬಂದು ಹೋದ ನೆಂಟರು ಬಸ್ಸಿನಲ್ಲಿ ಕಂಡಕ್ಟರನಿಗೂ ಹಾಗೇ ಒದರಿ ಬೈಸಿಕೊಂಡದ್ದುಂಟು. ನಾನೂ ಅದೇ ದನಿಯಲ್ಲಿ ಇಂಗ್ಲಿಷ್ ಆಡಿದೆ.

ವಾರದಲ್ಲಿ ಪತ್ರ ಬಂತು. "ಕಿರುಚುತ್ತಾರೆ. ಹೇಳಿದ್ದನ್ನೇ ಹೇಳುತ್ತಾರೆ. ಅಂತರರಾಷ್ಟ್ರೀಯ ಸಭೆಗೆ ತಕ್ಕ ಇಂಗ್ಲಿಷ್ ಅಲ್ಲ." ಕೆಳಗೆ ಫೋನಿನಲ್ಲಿ ಪರೀಕ್ಷೆ ಮಾಡಿದ ಹಳಿಯಾಳದ ಪ್ರಾಧ್ಯಾಪಕರೊಬ್ಬರ ಸಹಿ. ಇಂಗ್ಲಿಷ್ ಕಲಿಸುವವಳಿಗೆ ಈ ಮಾತು! ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಆರಿಸಲು ನಾನು ಹೋಗಲಿಲ್ಲ.

ಈಗ ಅದೇ ಸಂಸ್ಥೆ ನನ್ನನ್ನು ಪರೀಕ್ಷಕಿ ಮಾಡಿದೆ. ಈ ಸಲ ಕೈಗೆ ಬಂದ ಅರ್ಜಿಗಳಲ್ಲಿ ಒಂದು ಅದೇ ಪ್ರಾಧ್ಯಾಪಕರದ್ದು. ನಿವೃತ್ತಿಗೆ ಮುಂಚೆ ಇದೊಂದೇ ಅವಕಾಶ ಎಂದು ವಿನಯದಿಂದ ಬರೆದಿದ್ದರು. ವಿಷಯ ಗರಗಸದ ಮಿಲ್ಲುಗಳಲ್ಲಿ ಕಿವುಡಾದವರ ಮನೆಮಾತು. ನನ್ನ ಅರ್ಜಿಯಿಂದ ಕದ್ದದ್ದು ಎನ್ನಲು ಸಾಕ್ಷಿಯಿಲ್ಲ. ಹೊಟ್ಟೆ ಉರಿಯಲು ಸಾಕ್ಷಿ ಬೇಕಾಗುವುದಿಲ್ಲ. ಅರ್ಜಿದಾರರು ಗೊತ್ತಿದ್ದವರಾದರೆ ಮೊದಲೇ ತಿಳಿಸಬೇಕೆಂಬ ನಿಯಮವಿತ್ತು. ನಾನು ತಿಳಿಸಲಿಲ್ಲ. ಫೋನು ಬೇಡ, ಪರೀಕ್ಷೆಗೆ ಮನೆಗೇ ಬನ್ನಿ ಎಂದೆ.

ಬೆಳಿಗ್ಗೆ ಹತ್ತಕ್ಕೆ ಇಸ್ತ್ರಿ ಅಂಗಿ ತೊಟ್ಟು ಬಂದರು. ಒಮ್ಮೆ ಫೋನಿನಲ್ಲಿ ಮಾತಾಡಿದ್ದಷ್ಟೇ, ನನ್ನ ಗುರುತು ಹತ್ತಲಿಲ್ಲ.

"ಬರ್ರಿ ಸರ, ನಮ್ಮಪ್ಪನ ಜೋಡಿ ಕೂಡ್ರಿ. ನಿಮ್ಮ ವಿಷಯದ ಮನಷ್ಯಾನ ಅದಾನ. ನಾ ಚಾ ಮಾಡಿ ತರ್ತೇನಿ."

ಆ ಚಹಾಕ್ಕೆ ನಾನು ಬೇಕೆಂದೇ ಅರ್ಧ ಗಂಟೆ ಹಿಡಿಸಿದೆ. ಮೊದಲು ಅವರ ಮೆಲುದನಿ, ಉದ್ದುದ್ದ ವಾಕ್ಯಗಳು. ಅಪ್ಪನದು ಒಂದೇ ಉತ್ತರ: "ಆಂ? ಏನಂದ್ರಿ?" ಬರುಬರುತ್ತ ವಾಕ್ಯ ಗಿಡ್ಡವಾಯಿತು, ದನಿ ಏರಿತು. ಕಡೆಗೆ, "ಮಿಲ್ಲು! ಯಾವ ಮಿಲ್ಲು? ಮಿಲ್ಲು!" ಎಂಬ ಕೂಗು ಅಡುಗೆಮನೆಗೆ ಕೇಳಿತು. ನಾನು ಒಲೆ ಆರಿಸಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕೆ.

ಚಹಾ ಕೊಟ್ಟವಳೇ ಅವರನ್ನು ಒಳಕೋಣೆಗೆ ಕರೆದು, ಮೊಬೈಲಿನಲ್ಲಿ ರೆಕಾರ್ಡಿಂಗ್ ಹಚ್ಚಿ, ಇಂಗ್ಲಿಷಿನಲ್ಲಿ ಮೊದಲ ಪ್ರಶ್ನೆ ಕೇಳಿದೆ. ಉತ್ತರಕ್ಕೆ ಕಿಟಕಿಯ ಗಾಜು ಅದುರಿತು. ಮೂರು ಶಬ್ದ, ಮತ್ತೆ ಅವೇ ಮೂರು ಶಬ್ದ. ಅವರೇ ಬೆಚ್ಚಿ ಗಂಟಲು ಸರಿಮಾಡಿಕೊಂಡರು. ಮುಂದಿನ ವಾಕ್ಯವೂ ಹಾಗೇ. ಸ್ವಲ್ಪ ಸುಧಾರಿಸಿಕೊಳ್ಳಿ ಎಂದು ನಾನು ಅನ್ನಬಹುದಿತ್ತು. ನನಗೆ ಯಾರೂ ಅಂದಿರಲಿಲ್ಲ.

ಅವರು ಹೋದ ಮೇಲೆ ಪತ್ರ ತೆಗೆದು, ಆ ಮೂರು ವಾಕ್ಯಗಳನ್ನು ಅಕ್ಷರ ಬಿಡದೆ ಅಭಿಪ್ರಾಯದ ಕಾಲಮಿಗೆ ಇಳಿಸಿ, ರೆಕಾರ್ಡಿಂಗ್ ಜೊತೆ ಕಳಿಸಿಬಿಟ್ಟೆ. ಪಶ್ಚಾತ್ತಾಪವಾಯಿತು ಎಂದು ಬರೆದರೆ ಸುಳ್ಳಾದೀತು. ಆವತ್ತು ಹಸಿವೆ ಚೆನ್ನಾಗಿತ್ತು.

ಊಟಕ್ಕೆ ಕೂತಾಗ ಅಪ್ಪ ಕೇಳಿದ, "ಆ ಸರ ಎಲ್ಲೋ ಪರದೇಶಕ್ಕ ಹೊಂಟಾರಂತಲ್ಲಾ, ನಮ್ಮಂಥಾವ್ರ ಬಗ್ಗೆ ಹೇಳಾಕ?"

"ಹೌದು! ಕೇಳ್ಯಾರ! ಹೌದು!"

"ಕಳಸವ್ವಾ ಅವ್ರನ್ನ. ಮೊದಲ ಏನೂ ತಿಳೀಲಿಲ್ಲ. ಆಮ್ಯಾಲ ಥೇಟ್ ನಿನ್ನಂಗ ಮಾತಾಡಿದ್ರು ನೋಡು. ಎಲ್ಲಾ ತಿಳೀತು."

"ಕಳಸೂದಿಲ್ಲಪಾ," ಎಂದೆ. ಇಷ್ಟು ವರ್ಷಗಳಲ್ಲಿ ಅಪ್ಪನೆದುರು ನಾನು ಮೆಲ್ಲಗೆ ಆಡಿದ ಮಾತು ಅದೊಂದೇ.