ಹಲ್ಲು ನೋಡಿ ನ್ಯಾಯ ಹೇಳುವ ಗೇರಕ್ಕ

ಬೆಳಗಿನ ಐದೂವರೆ. ಶೆಡ್ಡಿನ ಶಟರ್ ಅರ್ಧಕ್ಕೆ ಎದ್ದಿದೆ. ಒಳಗೆ ಕಬ್ಬಿಣದ ಮೇಜಿನ ಮುಂದೆ ಐವತ್ತೊಂದರ ಹೆಂಗಸೊಬ್ಬರು ನಿಂತು, ಗೇರ್‌ಬಾಕ್ಸಿನ ಹಳೆಯ ಎಣ್ಣೆಯನ್ನು ಬಿಳಿ ಬಟ್ಟೆಯಲ್ಲಿ ಸೋಸುತ್ತಿದ್ದಾರೆ. ಎಣ್ಣೆ ಇಳಿದ ಮೇಲೆ ಬಟ್ಟೆಯಲ್ಲಿ ಉಳಿದದ್ದನ್ನು ಬೆರಳಿನಿಂದ ತಿಕ್ಕಿ ನೋಡುತ್ತಾರೆ. ಹಳದಿ ಮಿನುಗಿದರೆ ಹಿತ್ತಾಳೆ, ಬಿಳಿ ಮಿನುಗಿದರೆ ಉಕ್ಕು. ಇವತ್ತು ಸಿಕ್ಕಿರುವುದು ಉಕ್ಕು, ಅದೂ ನುಚ್ಚಿನಷ್ಟು ದಪ್ಪ. "ಪುಡಿ ಬಂದ್ರೆ ವಯಸ್ಸಾಯ್ತು ಅಂತ. ನುಚ್ಚು ಬಂತು ಅಂದ್ರೆ ಯಾರೋ ಹೊಡ್ದಿದಾರೆ," ಎನ್ನುತ್ತಾರೆ, ಪೆಟ್ಟು ತಿಂದದ್ದು ಮನೆಯ ಮಗುವೇ ಎಂಬಂತೆ.

ಬೀದಿಗೆಲ್ಲ ಇವರು ಗೇರಕ್ಕ. ಶೆಡ್ಡಿಗೆ ಬೋರ್ಡಿಲ್ಲ. ಬೇರೆ ಮೆಕ್ಯಾನಿಕ್‌ಗಳು ಕೈಚೆಲ್ಲಿದ ಗೇರ್‌ಬಾಕ್ಸ್‌ಗಳು ಮಾತ್ರ ಕೇಳಿಕೊಂಡು ಹುಡುಕಿಕೊಂಡು ಇಲ್ಲಿಗೆ ಬರುತ್ತವೆ. ಅವುಗಳ ಮಾಲೀಕರಿಗೆ ಈ ಅಕ್ಕನ ಮುಖ ಕೂಡ ಗೊತ್ತಿರುವುದಿಲ್ಲ. ಇಪ್ಪತ್ತೆಂಟು ವರ್ಷಗಳಿಂದ ತಿಂಗಳಿಗೆ ಹತ್ತು ಹನ್ನೆರಡು ಗೇರ್‌ಬಾಕ್ಸ್‌ಗಳು ಈ ಮೇಜು ಹತ್ತಿ ಇಳಿದಿವೆ. ಒಂದೊಂದೂ ನಲವತ್ತು ಕಿಲೋ ತೂಗುತ್ತದೆ, ಬಿಚ್ಚಿದರೆ ಇನ್ನೂರು ಚಿಲ್ಲರೆ ಬಿಡಿಭಾಗ. ಯಾವುದು ಎಲ್ಲಿ ಕೂರಬೇಕೆಂದು ಇವರು ಬರೆದಿಟ್ಟುಕೊಂಡದ್ದನ್ನು ಯಾರೂ ಕಂಡಿಲ್ಲ. ಆ ಕೈ ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಕಸುಬು ಕಲಿಸಿದ್ದು ಮಾವ. ಮದುವೆಯಾದ ಎರಡನೇ ವರ್ಷಕ್ಕೆ ಮಾವನ ಕಣ್ಣು ಮಂಜಾಗತೊಡಗಿತು. ಗಂಡ ದರ್ಜಿ, ಗ್ರೀಸಿಗೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಹಾಗಾಗಿ ಸ್ಪ್ಯಾನರ್ ಎತ್ತಿಕೊಡಲು ಸೊಸೆ ಶೆಡ್ಡಿಗೆ ಬಂದರು, ಬರಬರುತ್ತ ಮಾವನ ಕಣ್ಣೇ ಆದರು. "ಏನು ಕಾಣ್ಸತ್ತೋ ಅದನ್ನ ಮೊದ್ಲು ಹೇಳಮ್ಮ, ಏನು ಅನ್ಸತ್ತೋ ಅದನ್ನ ಆಮೇಲೆ ಹೇಳು ಅಂತಿದ್ರು. ಮೂರು ವರ್ಷ ಬರೀ ಗೇರಿನ ಹಲ್ಲು ಎಣ್ಸಿ ಹೇಳಿದೀನಿ." ಇನ್ನು ಗಂಡನ ದೂರು ಬೇರೆಯೇ. "ಮನೇಲಿ ಇವಳು ಯಾವ ಬಾಗ್ಲು ಹಾಕಿದ್ರೂ ಸದ್ದೇ ಬರಲ್ಲ. ಕಳ್ಳರಿಗೆ ಪಾಠ ಹೇಳ್ಕೊಡ್ಬಹುದು!"

ಇಲ್ಲಿಗೆ ಬರುವ ಹತ್ತು ಗೇರ್‌ಬಾಕ್ಸ್‌ಗಳಲ್ಲಿ ನಾಲ್ಕರ ರೋಗ ಒಂದೇ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಯಾರೋ ರಿವರ್ಸ್ ಹಾಕಿರುತ್ತಾರೆ. ಮುಂದಕ್ಕೆ ಹೋಗುವ ಗೇರ್‌ಗಳ ನಡುವೆ ಹಿತ್ತಾಳೆಯ ಬಳೆಯೊಂದು ಇರುತ್ತದೆ. ಎರಡೂ ಕಡೆಯ ವೇಗ ಹೊಂದಿಸಿ ಆಮೇಲೆ ಕೂಡಿಸುವುದು ಅದರ ಕೆಲಸ. ಬಹಳಷ್ಟು ಹಳೆಯ ಗಾಡಿಗಳಲ್ಲಿ ರಿವರ್ಸ್‌ಗೆ ಆ ಬಳೆ ಇಲ್ಲ. ಓಡಿಸುವವರು ಗಾಡಿ ನಿಲ್ಲಿಸಿಯೇ ಹಾಕುತ್ತಾರೆಂಬ ನಂಬಿಕೆಯ ಮೇಲೆ ಅದನ್ನು ಮಾಡಿರುತ್ತಾರೆ. ಚಕ್ರ ಇನ್ನೂ ಉರುಳುತ್ತಿರುವಾಗ ರಿವರ್ಸ್‌ಗೆ ಎಳೆದರೆ ಹಲ್ಲಿಗೆ ಹಲ್ಲು ಬಡಿದು ಅಂಚು ಹಾರುತ್ತದೆ. "ಆಟೋಮ್ಯಾಟಿಕ್ ಆದ್ರೆ ಹೀಗೆ ಕಿರುಚಲ್ಲ, ಒಳಗೊಳಗೇ ನುಂಗ್ಕೊಳತ್ತೆ. ಪ್ಲೇಟು ಸುಟ್ಟು ಎಣ್ಣೆ ಕಪ್ಪಾದ್ಮೇಲೇ ಗೊತ್ತಾಗೋದು. ಈಗಿನ ಹೊಸ ಗಾಡಿಗಳು ಜಾಣವು ಬಿಡಿ. ಓಡೋವಾಗ ರಿವರ್ಸ್ ಹಾಕಿದ್ರೆ ಮಾತೇ ಕೇಳಲ್ಲ."

ಇವತ್ತು ಮೇಜಿನ ಮೇಲಿರುವುದು ಶಾಲಾ ವ್ಯಾನಿನ ಗೇರ್‌ಬಾಕ್ಸ್. ಏಳು ಗಂಟೆಗೆ ಶಾಲೆಯ ಮ್ಯಾನೇಜರ್ ಬರುತ್ತಾರೆ. ಹಿಂದೆಯೇ ವ್ಯಾನಿನ ಡ್ರೈವರ್, ಐವತ್ತೆಂಟರ ಮನುಷ್ಯ, ಒಂಬತ್ತು ವರ್ಷದಿಂದ ಅದೇ ವ್ಯಾನು ಓಡಿಸಿದವರು. ಮ್ಯಾನೇಜರ್ ಪೀಠಿಕೆ ಹಾಕುವುದಿಲ್ಲ. "ಇವನೇ ಹಾಳು ಮಾಡಿದ್ದು ಅಂತ ಒಂದು ಚೀಟಿ ಬರ್ಕೊಡಿ. ಇವತ್ತೇ ಕೆಲಸದಿಂದ ಬಿಡಿಸ್ತೀನಿ." ಡ್ರೈವರ್ ಟೋಪಿಯನ್ನು ಹಿಂಡುತ್ತ ಇಷ್ಟೇ ಹೇಳುತ್ತಾರೆ, "ನಾನು ನಿಲ್ಲಿಸ್ದೆ ರಿವರ್ಸ್ ಹಾಕಲ್ಲ ಅಕ್ಕಾ. ಹಿಂದೆ ಮಕ್ಕಳಿರ್ತಾವೆ. ಗೇರ್ ಮುರಿದೋನು ಅಂತ ಹೆಸರು ಬಂದ್ರೆ ಈ ವಯಸ್ಸಲ್ಲಿ ನಂಗೆ ಯಾರು ಸ್ಟೀರಿಂಗ್ ಕೊಡ್ತಾರೆ?"

ರಿವರ್ಸಿಗೆ ಕೂಡುವ ಜೋಡಿ ಗೇರನ್ನು ಗೇರಕ್ಕ ಎತ್ತಿಕೊಳ್ಳುತ್ತಾರೆ. ಎರಡನ್ನೂ ಒರೆಸಿ ಬೆಳಕಿಗೆ ಹಿಡಿಯುತ್ತಾರೆ, ಆಮೇಲೆ ಕಣ್ಣು ಮುಚ್ಚಿ ಒಂದೊಂದೇ ಹಲ್ಲಿನ ಮೇಲೆ ಉಗುರು ಎಳೆಯುತ್ತಾರೆ. ಎಂಜಿನ್ ಕಡೆಯ ಹಲ್ಲು ನೆಟ್ಟಗಿದೆ. ಚಕ್ರದ ಕಡೆಯದು ಇಲಿ ಕಡಿದ ಹಾಗಿದೆ. ಕ್ಲಚ್ ಸರಿಯಾಗಿ ಬಿಡದಿದ್ದರೆ ಏಟು ಬೀಳುವುದು ಎಂಜಿನ್ ಕಡೆಯ ಹಲ್ಲಿಗೆ. ಅಂದರೆ ಇದು ಕ್ಲಚ್ಚಿನ ದೋಷವಲ್ಲ, ಉರುಳುವ ಗಾಡಿಗೇ ರಿವರ್ಸ್ ಹಾಕಿದ್ದಾರೆ. ಮ್ಯಾನೇಜರ್ ಮುಖ ಅರಳುತ್ತದೆ, ಡ್ರೈವರ್ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಡುತ್ತಾರೆ.

"ವ್ಯಾನನ್ನ ಬೇರೆ ಯಾರಾದ್ರೂ ಓಡಿಸ್ತಾರಾ?"

"ಭಾನುವಾರ ಸಾಮಾನು ತರೋಕೆ ನಾನು ತಗೊಂಡ್ಹೋಗ್ತೀನಿ. ನಂದು ಬಿಡಿ, ಇಪ್ಪತ್ತು ವರ್ಷದ ಕೈ," ಎನ್ನುತ್ತಾರೆ ಮ್ಯಾನೇಜರ್.

"ಹಾಗಾದ್ರೆ ಇಬ್ರೂ ಬನ್ನಿ."

ಅಂಗಳದಲ್ಲಿ ಒಂದು ಹಳೆಯ ಕಾರಿದೆ. ಗೇರಕ್ಕ ಪಕ್ಕದ ಸೀಟಿನಲ್ಲಿ ಕೂತು ಗೇರ್ ಕೋಲಿನ ಬುಡಕ್ಕೆ ಎರಡು ಬೆರಳು ತಾಗಿಸುತ್ತಾರೆ. ಗೋಡೆಯವರೆಗೆ ಹೋಗಿ ಕಾರನ್ನು ತಿರುಗಿಸಿ ತನ್ನಿ, ಅಷ್ಟೇ ಪರೀಕ್ಷೆ. ಡ್ರೈವರ್ ಗೋಡೆಯ ಬಳಿ ನಿಲ್ಲಿಸುತ್ತಾರೆ, ಹಿಂದೆ ತಿರುಗಿ ನೋಡುತ್ತಾರೆ, ಒಂದು ಉಸಿರು ಬಿಟ್ಟು ರಿವರ್ಸ್ ಹಾಕುತ್ತಾರೆ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯ. ಎರಡು ಸಲ, ಮೂರು ಸಲ, ಹಾಗೆಯೇ. ಆಮೇಲೆ ಮ್ಯಾನೇಜರ್ ಕೂರುತ್ತಾರೆ. ಮೊದಲ ಸಲ ಹುಷಾರಾಗಿಯೇ ತಿರುಗಿಸುತ್ತಾರೆ. ಗೇರಕ್ಕ ಶಾಲೆಯ ವಿಷಯ ತೆಗೆಯುತ್ತಾರೆ. ಎಷ್ಟು ಮಕ್ಕಳು, ಎಷ್ಟು ಕೋಣೆ. ಮ್ಯಾನೇಜರ್ ಉತ್ಸಾಹದಿಂದ ಹೇಳುತ್ತ ಎರಡನೇ ಸಲ ಗೋಡೆಯ ಹತ್ತಿರ ಬರುತ್ತಾರೆ. ಕಾರು ಇನ್ನೂ ಮುಂದಕ್ಕೆ ಉರುಳುತ್ತಿದೆ, ಅವರ ಕೈ ಆಗಲೇ ಕೋಲನ್ನು ಎಳೆದಾಗಿದೆ.

ಕರ್‌ರ್‌ರ್!

ಮ್ಯಾನೇಜರ್ ಕೋಲಿನಿಂದ ಕೈ ತೆಗೆದು ತಮ್ಮ ಕೈಯನ್ನೇ ನೋಡಿಕೊಳ್ಳುತ್ತಾರೆ. "ಚೀಟಿ ಬರೀಲಾ?" ಎಂದು ಗೇರಕ್ಕ ಮೆಲ್ಲಗೆ ಕೇಳಿದಾಗ ಬೇಡವೆಂದು ತಲೆಯಾಡಿಸುತ್ತಾರೆ. ಮನುಷ್ಯ ಕೆಟ್ಟವರಲ್ಲ, ಇಳಿದು ನೇರ ಡ್ರೈವರ್ ಹತ್ತಿರ ಹೋಗುತ್ತಾರೆ. "ತಪ್ಪಾಯ್ತು. ನಾಳೆಯಿಂದ ಕೆಲಸಕ್ಕೆ ಬನ್ನಿ." ಬಂದಾಗ ಏಕವಚನದಲ್ಲಿ ಬೈದವರು ಈಗ ಬಹುವಚನಕ್ಕೆ ಬಂದಿದ್ದಾರೆ. ಡ್ರೈವರ್ ಟೋಪಿ ಸರಿಮಾಡಿಕೊಳ್ಳುತ್ತಾರೆ. "ನಾಳೆಯಿಂದ ಯಾಕೆ ಸಾರ್? ಬದಲಿ ಗಾಡಿ ಕೊಡಿಸಿ. ಮಧ್ಯಾಹ್ನ ಮಕ್ಕಳನ್ನ ಮನೆಗೆ ಯಾರು ಬಿಡ್ತಾರೆ?"

ಅವರಿಬ್ಬರೂ ಹೋದ ಮೇಲೆ ಗೇರಕ್ಕ ಕೈ ತೊಳೆದು ಟೀ ಲೋಟ ಹಿಡಿಯುತ್ತಾರೆ. ಹಲ್ಲು ನೋಡಿದರೆ ಸಾಲದೇ, ಈ ಪರೀಕ್ಷೆಯೆಲ್ಲ ಯಾಕೆ ಎಂದು ಕೇಳಿದರೆ ಹಳೆಯ ಕಥೆಯೊಂದನ್ನು ತೆಗೆಯುತ್ತಾರೆ.

"ಹನ್ನೊಂದು ವರ್ಷದ ಹಿಂದೆ ಒಂದು ಸರಕಿನ ಗಾಡಿ ಬಂದಿತ್ತು. ಹಲ್ಲು ತಿಂದಿತ್ತು. ಯಾವ ಕಡೆ ಹಲ್ಲು ಅಂತ ನೋಡ್ಲಿಲ್ಲ ನಾನು. ಓಡಿಸೋನ ತಪ್ಪು ಅಂತ ಬರ್ಕೊಟ್ಟೆ. ಕೆಲಸ ಹೋಯ್ತು ಅವರದ್ದು. ಆರು ತಿಂಗಳಿಗೆ ಅದೇ ಗಾಡಿ, ಬೇರೆ ಡ್ರೈವರ್, ಅದೇ ಹಲ್ಲು. ಆಗ ಕ್ಲಚ್ ನೋಡಿದೆ. ಪೂರ್ತಿ ಬಿಡ್ತಾನೇ ಇರ್ಲಿಲ್ಲ. ಎಲ್ಲಾ ಅದ್ರದ್ದೇ ತಪ್ಪು." ಮಾವ ಹೇಳಿಕೊಟ್ಟ ಒಂದೇ ಪಾಠವನ್ನು ಅಂದು ಮರೆತಿದ್ದರು. ಮಾಲೀಕರಿಗೆ ಹೇಳಿದರು, ಆ ಡ್ರೈವರ್ ಮನೆ ಹುಡುಕಿಕೊಂಡು ಹೋದರು. ಅವರು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡು, "ಈಗ ಹೇಳಿ ಏನು ಪ್ರಯೋಜನ?" ಎಂದು ಬಾಗಿಲು ಹಾಕಿಕೊಂಡರಂತೆ.

ಇಷ್ಟು ವರ್ಷ ದುಡಿದವರಿಗೆ ಆಸೆಯೊಂದು ಇದ್ದೇ ಇರುತ್ತದಲ್ಲ, ಅದೇನು? ದೊಡ್ಡ ಶೆಡ್ಡೇ, ಹೊಸ ಯಂತ್ರವೇ? ಗೇರಕ್ಕ ನಗುತ್ತಾರೆ. ಲೋಟ ಕೆಳಗಿಟ್ಟು, ಇನ್ನೂ ಕಪ್ಪು ಬಿಡದ ಉಗುರನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಇನ್ನೊಂದ್ಸಲ ಆ ಡ್ರೈವರ್ ಮನೆಗೆ ಹೋಗ್ಬೇಕು. ಇವತ್ತು ಒಬ್ರ ಕೆಲಸ ಉಳೀತು ಅಂತ ಹೇಳ್ಬೇಕು. ಒಳಗೆ ಕರೀದಿದ್ರೂ ಪರವಾಗಿಲ್ಲ, ಹೊರಗೇ ನಿಂತು ಹೇಳ್ತೀನಿ."