ಐರಿನ್ ಟೀಚರ್ ಎತ್ತಿದ ಕೈ

ಯಾವುದಾದರೂ ವಿದ್ಯೆಯಲ್ಲಿ ನಿಪುಣರಾದವರನ್ನು ಎತ್ತಿದ ಕೈ ಎನ್ನುತ್ತೇವೆ. ಐರಿನ್ ಟೀಚರದ್ದು ಮಾತ್ರ ನಿಜವಾಗಿಯೂ ಎತ್ತಿದ ಕೈ. ಮೊಣಕೈ ಮಡಚುತ್ತಿರಲಿಲ್ಲ. ಗಿಡ್ಡ ಹೆಂಗಸು, ಸಭೆಯಲ್ಲಿ ಮಾತಾಡಬೇಕೆಂದರೆ ಎರಡನೇ ತರಗತಿಯ ಹುಡುಗಿಯ ಹಾಗೆ ತೋಳನ್ನು ಕಿವಿಗೆ ತಾಗಿಸಿ, ಅಂಗೈ ಬಿಡಿಸಿ, ತಮ್ಮ ಸರದಿ ಬರುವ ತನಕ ನೆಟ್ಟಗೆ ಹಿಡಿದಿರುತ್ತಿದ್ದರು. "ಕೈ ನೋಯಲ್ವಾ ಟೀಚರ್?" ಎಂದು ಯಾರಾದರೂ ಕೇಳಿದರೆ, "ನೋವಾಗ್ತದೆ. ಹಾಗಂತ ಇಳಿಸಿದ್ರೆ ಅವ್ರಿಗೆ ಸುಲಭ ಆಗ್ತದಲ್ಲ" ಎನ್ನುತ್ತಿದ್ದರು.

ಮಂಗಳೂರು ಕಡೆಯವರು, ಮನೆಮಾತು ಕೊಂಕಣಿ. ಅಬುಧಾಬಿಯ ಒಂದು ಭಾರತೀಯ ಶಾಲೆಯಲ್ಲಿ ಬಹಳ ವರ್ಷ ಚರಿತ್ರೆ ಕಲಿಸಿದವರು. ನನ್ನ ಮಗಳು ನಿಧಿಗೂ ಒಂಬತ್ತನೇ ತರಗತಿಯಲ್ಲಿ ಅವರೇ. ಶನಿವಾರ ಬೆಳಿಗ್ಗೆ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ವಿಲ್ಲಾವೊಂದರಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದವರಲ್ಲೂ ಅವರೊಬ್ಬರು. ಆ ತರಗತಿ ನಡೆಸುವ ಪೋಷಕರ ಬಳಗಕ್ಕೆ ನಾನು ಕಾರ್ಯದರ್ಶಿ. ಪಾಠ ಮುಗಿದ ಮೇಲೆ ಅವರನ್ನು ಮುಸಫ್ಫಾದ ಫ್ಲ್ಯಾಟಿಗೆ ಬಿಟ್ಟುಬರುತ್ತಿದ್ದೆ. ಅವರ ಮಾತುಗಳೆಲ್ಲ ನನಗೆ ಸಿಕ್ಕಿದ್ದು ಆ ಸಣ್ಣ ದಾರಿಯಲ್ಲಿ.

ಎರಡು ಮಹಾಯುದ್ಧಗಳ ನಡುವಿನ ಯೂರೋಪು ಅವರ ಪ್ರೀತಿಯ ಪಾಠ. ಪ್ರೀತಿ ಎಂಬುದು ಸರಿಯಾದ ಪದವಲ್ಲ. ನಾಲಗೆ ಬಾಯಿಹುಣ್ಣಿಗೇ ಹೋಗುವ ಹಾಗೆ ಅಲ್ಲಿಗೆ ಹೋಗುತ್ತಿದ್ದರು. "ಸರ್ವಾಧಿಕಾರಿ ಅಂದ್ರೆ ಬಾಗಿಲು ಒಡೆದು ಬರುವವ ಅಂತ ಮಕ್ಕಳು ತಿಳ್ಕೊಂಡಿರ್ತಾರೆ. ಎಂತ ಒಡೆಯುವುದು? ಇಟಲಿಯವ ರೋಮಿಗೆ ಬಂದದ್ದು ರೈಲಿನಲ್ಲಿ, ಮಲಗಿಕೊಂಡು. ರಾಜನೇ ಕರೆಸಿದ್ದು. ಜರ್ಮನಿಯವನಿಗೂ ಕರೆದೇ ಕುರ್ಚಿ ಕೊಟ್ಟದ್ದು, ನಾವು ಹಿಡಿತದಲ್ಲಿ ಇಟ್ಕೊಳ್ತೇವೆ ಅಂತ ಹೇಳಿ." ಕೊನೆಗೆ ಯಾವಾಗಲೂ ಒಂದೇ ಮಾತಿಗೆ ಬರುತ್ತಿದ್ದರು: "ಜನ ದಣಿದಿದ್ರು ಮಾರಾಯ್ರೆ. ಯುದ್ಧ ಸೋತು, ಕೆಲಸ ಇಲ್ಲದೆ, ದಿನಾ ಜಗಳ ಕೇಳಿ ದಣಿದಿದ್ರು. ದಣಿದವ್ರಿಗೆ ಒಬ್ಬನೇ ಮಾತಾಡಿದ್ರೆ ಹಾಯೆನಿಸ್ತದೆ."

ನಾವೂ ದಣಿದಿದ್ದೆವು, ಹೇಳಿಕೊಳ್ಳಲು ನಾಚಿಕೆಯಾಗುವ ಕಾರಣಕ್ಕೆ. ರಾಜ್ಯೋತ್ಸವದಲ್ಲಿ ಯಾರ ಮಕ್ಕಳ ನೃತ್ಯ ಮೊದಲು ಎಂಬಲ್ಲಿ ಶುರುವಾದ ಜಗಳ ವಾಟ್ಸ್ಯಾಪ್ ಗುಂಪಿನಲ್ಲಿ ವಾರಗಟ್ಟಲೆ ಉರಿದಿತ್ತು. ನಮ್ಮ ಅಧ್ಯಕ್ಷರು ಬೆಂಗಳೂರಿನವರು, ಸೌಮ್ಯ ಮನುಷ್ಯ, ಯಾರ ಮನೆಯ ಕಷ್ಟಕ್ಕೂ ಮೊದಲು ಓಡಿಬರುವವರು. ಗುಂಪಿನಲ್ಲಿ ಇನ್ನು ತಾವೊಬ್ಬರೇ ಬರೆಯುವಂತೆ ಮಾಡಿದರು. ಎಷ್ಟು ಶಾಂತವಾಯಿತೆಂದರೆ ನಾನೇ ಫೋನ್ ಮಾಡಿ ಅವರಿಗೆ ವಂದನೆ ಹೇಳಿದೆ. ಆಮೇಲೆ ಸಭೆ ಕರೆದು ಒಂದು ಗೊತ್ತುವಳಿ ಮಂಡಿಸಿದರು: ಮುಂದಿನ ಸೂಚನೆಯವರೆಗೆ ಚುನಾವಣೆ ಬೇಡ, ಎಲ್ಲ ತೀರ್ಮಾನವೂ ಅಧ್ಯಕ್ಷರದ್ದೇ.

"ಇಲ್ಲಿಗೆ ಜಗಳ ಖಲಾಸ್. ಒಪ್ಪಿಗೆ ಇರೋರು ಚಪ್ಪಾಳೆ ತಟ್ಟಿ" ಎಂದರು.

ನಮ್ಮ ಸಭೆಗಳಲ್ಲಿ ಚಪ್ಪಾಳೆಯೇ ಮತ. ಬೇಡ ಎನ್ನುವವರಿಗೆ ಅಲ್ಲಿ ಮಾಡಲು ಏನೂ ಇರುವುದಿಲ್ಲ. ಸುಮ್ಮನೆ ಕೂತವರ ಸದ್ದು ಯಾರಿಗೆ ಕೇಳಿಸುತ್ತದೆ? ಐರಿನ್ ಟೀಚರ್ ಕೈ ಎತ್ತಿದರು. ಚಪ್ಪಾಳೆ ನಿಂತಿತು, ಉಡುಪಿಯವರ ಮನೆಯ ಪತ್ರೊಡೆ ಬಂತು, ಜನ ತಟ್ಟೆಗೆ ಎದ್ದರು. ಕೈ ಹಾಗೆಯೇ ಇತ್ತು. ಅಧ್ಯಕ್ಷರು ನಗುತ್ತ, "ಬನ್ನಿ ಟೀಚರ್, ಪತ್ರೊಡೆ ಖಾಲಿ ಆಗ್ಬಿಡತ್ತೆ" ಎಂದರು.

ನಡಾವಳಿ ಪುಸ್ತಕದಲ್ಲಿ ನಾನು ಬರೆದೆ: 'ಸರ್ವಾನುಮತದಿಂದ ಅಂಗೀಕರಿಸಲಾಯಿತು.' ಪಕ್ಕದಲ್ಲಿ ಕೂತಿದ್ದ ನಿಧಿ ಇಣುಕಿದಳು.

"ಅಪ್ಪಾ, ಸರ್ವಾನುಮತ ಅಂದ್ರೆ ಎವ್ರಿವನ್ ಅಲ್ವಾ? ಬಟ್ ಟೀಚರ್ ಕೈ ಎತ್ತಿದ್ರಲ್ಲ."

"ಅದು ಬರೆಯೋ ರೀತಿ ಕಣೇ" ಎಂದೆ.

ದುರುದ್ದೇಶವಿರಲಿಲ್ಲ, ಗೊತ್ತುವಳಿ ಎಂದು ಬರೆದರೆ ಪೆನ್ನು ತಾನಾಗಿ ಸರ್ವಾನುಮತಕ್ಕೆ ಜಾರುತ್ತದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆ ದಿನದ ನನ್ನ ಡೈರಿಯಲ್ಲಿ 'ಸಭೆ ಚೆನ್ನಾಗಿ ಆಯಿತು. ಪತ್ರೊಡೆ' ಎಂದಷ್ಟೇ ಇದೆ. ಅದನ್ನೇ ನಂಬಿದರೆ, ನಾನು ಆ ಕೈಯನ್ನು ಕಾಣಲೇ ಇಲ್ಲ ಎಂದು ಇಲ್ಲಿ ಬರೆಯಬಹುದಿತ್ತು. ಆದರೆ ನಿಧಿ ಕೇಳಿದ್ದು ನೆನಪಿದೆ. ಅದಕ್ಕೆ ನಾನು ಕೊಟ್ಟ ಉತ್ತರವೂ.

ಒಂದೆರಡು ತಿಂಗಳಿಗೆ ಅಧ್ಯಕ್ಷರ ಸಂದೇಶ ಬಂತು: ಉಚ್ಚಾರ ಕೆಡಬಾರದು, ಇನ್ನು ಕನ್ನಡ ಮನೆಮಾತಿನವರೇ ಪಾಠ ಮಾಡತಕ್ಕದ್ದು. ಹೆಸರು ಹೇಳಿರಲಿಲ್ಲ. ಕಲಿಸುವವರಲ್ಲಿ ಬೇರೆ ಮನೆಮಾತಿನವರು ಒಬ್ಬರೇ ಇದ್ದರು. ಈ ಅಧಿಕಾರವನ್ನು ತಾವು ಆಗಲೇ ವಿರೋಧಿಸಿದ್ದಾಗಿ ಟೀಚರ್ ಅಧ್ಯಕ್ಷರಿಗೆ ಬರೆದರಂತೆ. ಉತ್ತರವಾಗಿ ನಡಾವಳಿಯ ಪುಟದ ಫೋಟೊ ಬಂತು. ಕೆಳಗೆ ಒಂದೇ ಸಾಲು: 'ನೀವೂ ಒಪ್ಪಿದ್ದಿರಲ್ಲ ಟೀಚರ್.'

ಕೊನೆಯ ಶನಿವಾರ ಕಾರಿನಲ್ಲಿ ಆ ಫೋಟೊವನ್ನು ನನಗೆ ತೋರಿಸಿದರು. ನನ್ನದೇ ದುಂಡಗಿನ ಅಕ್ಷರ.

"ಸೆಕ್ರೆಟ್ರಿಯವ್ರೆ, ಒಂದು ಪದ ಸರಿ ಮಾಡಿ. 'ಒಬ್ಬರ ವಿರೋಧದೊಂದಿಗೆ' ಅಂತ. ಕ್ಲಾಸು ಹೋದ್ರೆ ಹೋಗ್ಲಿ. ನಾನು ಒಪ್ಪಿದೆ ಅಂತ ಇರ್ಬಾರ್ದು."

"ಮುಂದಿನ ಸಭೇಲಿ ನೋಡೋಣ ಟೀಚರ್. ಈಗ ತಿದ್ದಿದ್ರೆ ಮತ್ತೆ ಜಗಳ. ನಮಗ್ಯಾಕೆ ಸುಮ್ನೆ?"

"ನಿಮ್ಮ ಮೈಸೂರಲ್ಲಿ 'ನಮಗ್ಯಾಕೆ' ಅಂತೀರಿ. ನಮ್ಮಲ್ಲಿ 'ನಮಗೆಂತಕ್ಕೆ'. ಜರ್ಮನ್ ಭಾಷೆಯಲ್ಲೂ ಎಂತದೋ ಒಂದು ಇರ್ಬೇಕು" ಎಂದು ನಕ್ಕರು. ಸಿಗ್ನಲ್ ಕೆಂಪಾಯಿತು. ನಗು ನಿಂತ ಮೇಲೆ ಮೆಲ್ಲಗೆ ಹೇಳಿದರು: "ಬರ್ಲಿನ್ನಿನ ಪಾರ್ಲಿಮೆಂಟು ಆ ಜರ್ಮನಿಯವನಿಗೆ ಎಲ್ಲ ಅಧಿಕಾರ ಬರೆದುಕೊಟ್ಟ ದಿನ, ಬೇಡ ಅಂದವ್ರು ತೊಂಬತ್ತನಾಲ್ಕು. ಅವನ ಸಮವಸ್ತ್ರದವ್ರು ಸಭೆಯ ಒಳಗೇ ನಿಂತಿದ್ರು. ಆದ್ರೂ ಒಬ್ಬ ಗುಮಾಸ್ತ ಎಣಿಸಿ ಬರೆದ." ಫ್ಲ್ಯಾಟಿನ ಮುಂದೆ ಬಾಗಿಲು ತೆರೆದು ಇಳಿಯುವಾಗ ಕೇಳಿದರು: "ನಿಮ್ಮ ಹಿಂದೆ ಯಾರು ನಿಂತಿದ್ರು ಮಾರಾಯ್ರೆ?"

ಆ ವರ್ಷವೇ ಅವರು ನಿವೃತ್ತರಾಗಿ ವೀಸಾ ರದ್ದುಮಾಡಿಸಿ ಊರಿಗೆ ಹೋದರು. ಬಳಗದಿಂದ ಬೀಳ್ಕೊಡುಗೆ ಇರಲಿಲ್ಲ. ಅದನ್ನು ಏರ್ಪಡಿಸಬೇಕಾಗಿದ್ದವನು ಕಾರ್ಯದರ್ಶಿ.

ಮುಂದಿನ ಸಭೆ ಬಂತು. ಹಿಂದಿನ ನಡಾವಳಿಯನ್ನು ನಾನೇ ಓದಿದೆ. ಆ ಪದವನ್ನೂ ಓದಿದೆ. "ಯಾರಿಗಾದ್ರೂ ಆಕ್ಷೇಪ ಇದ್ಯಾ?" ಎಂದು ಅಧ್ಯಕ್ಷರು ಕೇಳಿದರು. ಟೀಚರ್ ಕೂರುತ್ತಿದ್ದ ಕುರ್ಚಿಯಲ್ಲಿ ಯಾರದೋ ಚೀಲವಿತ್ತು. ನನ್ನ ಬಲಗೈ ಮೇಲೆದ್ದಿತು. ಮೊಣಕೈ ಮಡಚಿಕೊಂಡೇ ಎದ್ದಿತು. ಕನ್ನಡಕದ ತನಕ ಹೋಗಿ, ಅದನ್ನು ಸರಿಪಡಿಸಿ, ಕೆಳಗಿಳಿದು ಪೆನ್ನು ಹಿಡಿಯಿತು.