ಸೊಸೆ ಕೀಳಿಸಲು ಹೊರಟ ನನ್ನ ಹಲ್ಲು

ಹಲ್ಲು ನಂದು, ನೋವು ನಂದು, ಆದರೆ ಗುಂಡ್ಲುಪೇಟೆಗೆ ಹೊಸದಾಗಿ ಬಂದಿದ್ದ ಹಲ್ಲಿನ ಡಾಕ್ಟರ ಮುಂದೆ ಬಾಯಿ ಮಾಡಿದ್ದು ನನ್ನ ಸೊಸೆ! "ಕಿತ್ತಾಕ್ಬುಡಿ ಸಾ, ಅತ್ತೆಗೆ ವಯಸ್ಸಾಯ್ತಲ್ಲ" ಅಂದಳು. ನನಗೆ ಮೈಯೆಲ್ಲ ಉರಿದುಹೋಯ್ತು. ಎಲೆಅಡಿಕೆ ಅಗಿಯೋಕೆ ಉಳಿದಿದ್ದೇ ಅದೊಂದು ದವಡೆಹಲ್ಲು.

"ನನ್ನ ಹಲ್ಲು ಕೀಳ್ಸಕ್ಕೆ ನೀನ್ಯಾರಮ್ಮಿ?" ಅಂದೆ.

ಡಾಕ್ಟರು ನೋಡಿ, "ಬೇರು ಗಟ್ಟಿಯಾಗಿದೆ ಅಜ್ಜಿ, ಹುಳುಕು ತೆಗೆದು ಸಿಮೆಂಟ್ ತುಂಬಿದರೆ ಸಾಕು" ಅಂದು ಹಾಗೇ ಮಾಡಿದರು. ಆಮೇಲೆ ಸೊಸೆ ಕಡೆ ತಿರುಗಿ, "ಇಷ್ಟು ಮಾತಾಡ್ತೀರಲ್ಲ ತಾಯಿ, ನಿಮ್ಮ ಬಾಯನ್ನೂ ತೋರಿಸಿ" ಅಂದರು. ನೋಡಿದರೆ ಒಸಡೆಲ್ಲ ಕೊಳೆತಿದೆ!

"ಹೊಗೆಸೊಪ್ಪಿನ ಪುಡಿ ಎಷ್ಟು ವರ್ಷದಿಂದ ಹಾಕ್ತಿದ್ದೀರಿ?"

ನಮಗೆಲ್ಲ ಅದು ಹಲ್ಲುಪುಡಿ ಅಂದಿದ್ದಳು, ಕಳ್ಳಿ! ಅವಳವೇ ಎರಡು ಹಲ್ಲು ಕಿತ್ತರು.

ಮನೆ ಮರ್ಯಾದೆ ನೋಡಿ, ಊರು ಸೇರಿದ ಮೇಲೆ ನಾನು ಯಾರಿಗೂ ಹೇಳಲಿಲ್ಲ. ಬಸ್ಸಲ್ಲೇ ಎಲ್ಲರಿಗೂ ಹೇಳಿ ಮುಗಿಸಿದ್ದೆ.